ಜಲಕ್ರೀಡೆಯೂ ಜಲವೂ
(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ಅಧ್ಯಾಪಕನಾದವನು ನಿವೃತ್ತನಾದ ಮೇಲೂ ಭಾಷಣಕ್ಕೆ ಕರೆ ಬಂದರೆ ಇಲ್ಲವೆನ್ನಲಾರ. ವಿಷಯ ತನಗೆ ತಿಳಿದಿದೆಯೇ ಎಂಬ ಯೋಚನೆ ಅವನಿಗೆ ಬರುವುದು ಒಪ್ಪಿಕೊಂಡ ಮೇಲೆ. ಹಾಗೆ ಒಪ್ಪಿಕೊಂಡು ನಾನು ಪೇಚಿಗೆ ಸಿಕ್ಕಿದ ಒಂದು ಸಂಜೆಯ ಸಂಗತಿಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಕರಿಘಟ್ಟ ನಿಮ್ಮಲ್ಲಿ ಅನೇಕರು ಕಂಡ ಸ್ಥಳವೇ. ಶ್ರೀರಂಗಪಟ್ಟಣದ ದ್ವೀಪದಿಂದ ಕಾವೇರಿಯ ಉತ್ತರದ ಕವಲನ್ನು ದಾಟಿದರೆ ಎದುರಿಗೆ ನಿಲ್ಲುವ ಗುಡ್ಡ. ಮೇಲೆ ಕರಿಗಲ್ಲಿನ ಶ್ರೀನಿವಾಸ, ಬುಡದಲ್ಲಿ ಲೋಕಪಾವನಿ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರದ ಸೀಮೆಯನ್ನು ಹಾದು, ಇಲ್ಲಿ ಕಾವೇರಿಯನ್ನು ಸೇರುವ ಕಿರುಹೊಳೆ ಅದು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಾಳೆಯದ ಮೇಲೆ ರಾತ್ರಿ ಎರಗಿದಾಗ ಈ ಗುಡ್ಡವೂ ಈ ಹೊಳೆಯೂ ಯುದ್ಧದ ನಕ್ಷೆಯೊಳಕ್ಕೆ ಬಂದವು. ಅನಂತರ ಲೋಕಪಾವನಿಯನ್ನು ಅಷ್ಟು ಗಮನವಿಟ್ಟು ನೋಡಿದವರು ಕಡಮೆಯೆಂದೇ ನನ್ನ ಭಾವನೆ.

ಇಲ್ಲಿಗೆ ರಜೆಯ ದಿನಗಳಲ್ಲಿ ಮೈಸೂರಿನಿಂದ ಕೆಲವು ತರುಣ ತರುಣಿಯರು ಬಂದು ಕಯಾಕ್ ನಡೆಸುತ್ತಾರೆ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕುಳಿತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ತಮ್ಮ ಕೂಟದ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಹೇಳುವುದಿಲ್ಲ. ತಿಂಗಳಿಗೊಮ್ಮೆ, ದೋಣಿಗಳನ್ನು ದಡಕ್ಕೆಳೆದ ಮೇಲೆ, ಒದ್ದೆ ಬಟ್ಟೆಯಲ್ಲಿಯೇ ಕುಳಿತು ನದಿಯನ್ನು ಬಲ್ಲವರೊಬ್ಬರಿಂದ ಭಾಷಣ ಕೇಳುವುದು ಅವರ ಪದ್ಧತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಆ ಕೂಟದಲ್ಲಿದ್ದಾನೆ. ನನ್ನ ಸರದಿ ಬರುವ ಮೊದಲು ಎರಡು ಸಂಜೆ ಕೇಳುಗನಾಗಿ ಹೋಗಿದ್ದೆ.

ಮೊದಲ ಸಂಜೆ ಮಾತನಾಡಿದವರು ಮತ್ಸ್ಯಶಾಸ್ತ್ರ ಬಲ್ಲವರು. ಅವರು ಆರಿಸಿಕೊಂಡ ವಿಷಯ ಮಹಶೀರ್, ನಮ್ಮ ಹೊಳೆಯವರು ಬಿಳಿಮೀನು ಎನ್ನುವ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡು ತೂಗಿತ್ತಂತೆ. ನಮ್ಮ ಲೆಕ್ಕದಲ್ಲಿ 54 ಕಿಲೋ. ಕಾವೇರಿಯ ಜಲಾನಯನದಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಆ ಬೆನ್ನುಬ್ಬಿದ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಶಾಸ್ತ್ರೀಯವಾದ ಹೆಸರು ಖಚಿತವಾದದ್ದೇ 2018ರಲ್ಲಿ. ಹೆಸರಿಡುವ ಹೊತ್ತಿಗೆ ಕೂಸು ಕೈಬಿಡುವ ಸ್ಥಿತಿಗೆ ಬಂದಿತ್ತು. ಸಿಡಿಮದ್ದು ಹಾಕಿ ಹಿಡಿಯುವುದು ಒಂದು ಕಾರಣ. ಇನ್ನೊಂದು ಕಾರಣ ಕೇಳಿ ನಾನು ಬೆರಗಾದೆ. ಕಾವೇರಿಯಲ್ಲಿ ಮಹಶೀರ್ ಕಡಮೆಯಾಗುತ್ತಿದೆಯೆಂದು ಕಳವಳಗೊಂಡ ಸಜ್ಜನರೇ 1970ರ ದಶಕದ ಕೊನೆಯಿಂದ ದೂರದ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು ತಂದು ಇಲ್ಲಿ ಬಿಟ್ಟರು. ಅದು ಮಹಶೀರೇ, ಆದರೆ ನೀಲಿ ರೆಕ್ಕೆಯ ಬೇರೆ ಜಾತಿ. ಬಂದ ನಂಟ ಮನೆಯೊಡೆಯನಾದ. ಮೀನನ್ನು ಉಳಿಸಬೇಕೆಂಬ ಪ್ರೀತಿಗೆ ಕೊರತೆಯಿರಲಿಲ್ಲ. ಯಾವ ಮೀನು ಎಂಬ ತಿಳಿವಳಿಕೆ ಮಾತ್ರ ತಡವಾಗಿ ಬಂತು. ರಾಮನಾಥಪುರದಲ್ಲಿ ದೇವರ ಮೀನೆಂದು ಪುರಿ ಹಾಕಿ ಕಾಪಾಡಿಕೊಂಡು ಬಂದ ಜನರಿಗೆ ಈ ತೊಡಕು ಬರಲಿಲ್ಲ. ಅವರು ಹೊರಗಿನಿಂದ ಏನನ್ನೂ ತರಲಿಲ್ಲ, ಇದ್ದದ್ದನ್ನು ಹಿಡಿಯಲಿಲ್ಲ, ಅಷ್ಟೆ.

ಎರಡನೆಯ ಸಂಜೆ ಬಂದವರು ನಿವೃತ್ತ ನೀರಾವರಿ ಎಂಜಿನಿಯರು. ಕಟ್ಟೆಯನ್ನು ಬೈಯುವುದು ಇಂದಿನ ಸಭೆಗಳ ರೂಢಿಯಾದ್ದರಿಂದ ಅವರು ಕಟ್ಟೆಯ ಪರವಾಗಿಯೇ ಆರಂಭಿಸಿದರು. ರಂಗನತಿಟ್ಟಿನ ದಿಬ್ಬಗಳು ಮೂಡಿದ್ದು 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ್ದರಿಂದ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಮನುಷ್ಯನ ಕೈ ತಾಗಿದ್ದೆಲ್ಲ ಕೆಟ್ಟಿತೆಂದು ಹೇಳಲು ಬರುವುದಿಲ್ಲ, ಎಂದರು. ಒಪ್ಪತಕ್ಕ ಮಾತು.

ಆಮೇಲೆ ಅವರು ಹೇಳಿದ ಒಂದು ಲೆಕ್ಕ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ರಚಿತವಾದ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟಿನ ತೀರ್ಪು, ಇವನ್ನೆಲ್ಲ ನಾವು ಪತ್ರಿಕೆಗಳಲ್ಲಿ ಓದಿದವರೇ. ಕಾವೇರಿಯ ಒಟ್ಟು ನೀರು 740 ಟಿ.ಎಂ.ಸಿ. ಎಂದು ಲೆಕ್ಕವಾಗಿದೆ. ಅದರಲ್ಲಿ ತಮಿಳುನಾಡಿಗೆ 404.25, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ತಡೆಯಲಾಗದೆ ಕಡಲು ಸೇರುವುದು 4. ಉಳಿದ 10 ಟಿ.ಎಂ.ಸಿ. ಪರಿಸರದ ರಕ್ಷಣೆಗೆ. ಅಂದರೆ ಕಾವೇರಿಯ ಆಸ್ತಿಯಲ್ಲಿ ಕಾವೇರಿಯ ಪಾಲು ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಹೆತ್ತ ತಾಯಿಗೆ ಮಕ್ಕಳು ಪಾಲು ಪಾರೀಕತ್ತಿನಲ್ಲಿ ಜೀವನಾಂಶ ಬರೆದುಕೊಟ್ಟಂತೆ! ಇಷ್ಟಾದರೂ ಬರೆದರಲ್ಲ ಎಂದು ಎಂಜಿನಿಯರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ.

ಮೂರನೆಯ ಸಂಜೆ ನನ್ನದು. ವಿಷಯ, ‘ಕಾವ್ಯದಲ್ಲಿ ನದಿ’. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದೊಂದು ಭಾರವೇ ಎಂದುಕೊಂಡು ಹಳೆಯ ಟಿಪ್ಪಣಿಗಳನ್ನು ತೆಗೆದು ಕುಳಿತೆ. ಮಹಾಕಾವ್ಯದಲ್ಲಿ ಇರಬೇಕಾದ ಅಷ್ಟಾದಶ ವರ್ಣನೆಗಳನ್ನು ನಾನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ. ಅಂದು ಬೆರಳು ಮಡಿಚಿ ಎಣಿಸಿದೆ: ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ, ಮಧುಪಾನ, ಹೀಗೆ ಸಾಗಿ ಯುದ್ಧ, ನಾಯಕನ ಅಭ್ಯುದಯದವರೆಗೆ ಹದಿನೆಂಟು. ದಂಡಿ ಕೊಟ್ಟ ಪಟ್ಟಿಯಲ್ಲಿ ಜಲಕ್ರೀಡೆ ಇದೆ, ನದಿ ಇಲ್ಲ! ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕವಿಗಳು ನದಿಯನ್ನು ವರ್ಣಿಸಲೇ ಇಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ಗಂಗೆಯನ್ನು ಹಾಡದ ಕವಿ ಯಾರು? ಆದರೆ ಲಾಕ್ಷಣಿಕನ ಲೆಕ್ಕಕ್ಕೆ ಬಂದದ್ದು ನೀರಿನಲ್ಲಿ ಆಡುವ ನಾವು, ನೀರಲ್ಲ. ಕವಿರಾಜಮಾರ್ಗದಲ್ಲಿಯೂ ಕಾವೇರಿ ನಾಡಿನ ಎಲ್ಲೆಯಾಗಿ ಬರುತ್ತಾಳೆ, ಹರಿಯುವ ಹೊಳೆಯಾಗಿ ಅಲ್ಲ.

ಇದನ್ನೇ ಆ ತರುಣರಿಗೆ ಹೇಳಿದೆ. ನೀವೂ ಜಲಕ್ರೀಡೆಗೆಂದು ಬಂದವರು, ಆದರೆ ಆಟ ಮುಗಿದ ಮೇಲೆ ನೀರಿನ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದೀರಿ, ಹಳೆಯ ರಾಜಕುಮಾರರು ಇಷ್ಟನ್ನು ಮಾಡಿದಂತೆ ಕಾಣೆ, ಎಂದೆ. ಎಲ್ಲರೂ ನಕ್ಕರು. ಒಬ್ಬ ಹುಡುಗಿ ನಗಲಿಲ್ಲ. ಸ್ನಾನಘಟ್ಟಗಳ ಕೆಳಗೆ ತನ್ನ ಹುಟ್ಟಿಗೆ ಪ್ರತಿವಾರ ಸುತ್ತಿಕೊಳ್ಳುವ ಸೀರೆ ಪಂಚೆಗಳ ಮಾತೆತ್ತಿ, "ಸರ್, ಉಟ್ಟದ್ದನ್ನು ನೀರಿಗೆ ಬಿಟ್ಟರೆ ಪಾಪ ಹೋಗುತ್ತದೆಂದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದಳು. ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಲ್ಲವಮ್ಮ, ಎಂದೆ. ಉತ್ತರ ಸುಲಭವಾಗಿತ್ತು. ಪೇಚು ಬಂದದ್ದು ಆಮೇಲೆ.

ಸಭೆಯ ಹಿಂದೆ, ಕತ್ತಲಲ್ಲಿ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹರಿಗೋಲಿನ ಮುದುಕರೊಬ್ಬರು ಮೊದಲಿನಿಂದಲೂ ನಿಂತು ಕೇಳುತ್ತಿದ್ದರು. ನಾನು ಮಾತು ಮುಗಿಸಿದಾಗ ಅವರು ಮುಂದೆ ಬಂದರು.

"ಅಲ್ಲಾ ಮೇಷ್ಟ್ರೇ, ಮೇಲಿಂದ ನೀರ್ ಬುಡುವಾಗ ಮೈಕ್‌ನಾಗೆ ಕೂಗಿ ಹೇಳ್ತಾರೆ. ನೀರ್ ನಿಲ್ಸುವಾಗ ಯಾರ್ ಕೂಗ್ತಾರೆ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಲ್ಲಿಸಿದರೆ ಅಪಾಯವಿಲ್ಲವಲ್ಲ ಯಜಮಾನರೆ?" ಎಂದೆ.

"ನಿಮ್ಗಿಲ್ಲ. ಮೀನ್ಗೆ?"

ಆಮೇಲೆ ಅವರು ಬಿಡಿಸಿ ಹೇಳಿದರು. ಬೇಸಗೆಯಲ್ಲಿ ಹರಿವು ಇದ್ದಕ್ಕಿದ್ದಂತೆ ತಗ್ಗಿದರೆ ಬಂಡೆಗಳ ನಡುವಿನ ಹೊಳೆ ತುಂಡು ತುಂಡಾಗಿ ಮಡುಗಳಾಗುತ್ತದೆ. ಮೆಲ್ಲಗೆ ತಗ್ಗಿದರೆ ಮೀನು ಆಳಕ್ಕೆ ಜಾರಿಕೊಳ್ಳುತ್ತದೆ. ಒಂದೇ ರಾತ್ರಿಯಲ್ಲಿ ತಗ್ಗಿದರೆ ಕಿರುಮಡುಗಳಲ್ಲಿ ಸೆರೆಯಾಗುತ್ತದೆ. ಮರುದಿನ ಬಲೆ ಬೇಕಿಲ್ಲ, ಬುಟ್ಟಿಯಲ್ಲಿ ಬಾಚಬಹುದು. ಬಾಚದೆ ಉಳಿದದ್ದು ಬಿಸಿಲಿಗೆ ಸಾಯುತ್ತದೆ. "ಒಂದು ದಿನ ಹಬ್ಬ, ಆಮೇಲೆ ಎರಡು ವರ್ಷ ಬಲೆ ಬರೀದು," ಎಂದರು. ನೆರೆ ಬಂದಾಗ ಪತ್ರಿಕೆಯವರು ಬರುತ್ತಾರೆ, ಬಾಗಿನ ಬಿಡುವವರು ಬರುತ್ತಾರೆ, ನಾವೂ ಸಂಸಾರ ಸಮೇತರಾಗಿ ಕನ್ನಂಬಾಡಿಯ ಬಾಗಿಲುಗಳನ್ನು ನೋಡಲು ಹೋಗುತ್ತೇವೆ. ನೀರು ಇಳಿಯುವುದನ್ನು ನೋಡಲು ಯಾರೂ ಹೋಗುವುದಿಲ್ಲ. ಆ 10 ಟಿ.ಎಂ.ಸಿ.ಯನ್ನು ಯಾವ ತಿಂಗಳು, ಎಷ್ಟೆಷ್ಟಾಗಿ ಹರಿಸಿದರೆ ಮೀನಿಗೆ ಒದಗುತ್ತದೆಂದು ಕೇಳಬೇಕಾದದ್ದು ಇಂಥವರನ್ನಲ್ಲವೆ ಎಂದು ನನಗೆ ಆಗ ಹೊಳೆಯಿತು. ಒಟ್ಟು ಮೊತ್ತದಲ್ಲಿ ನದಿ ಬದುಕುವುದಿಲ್ಲ. ದಿನದಿನದ ಹರಿವಿನಲ್ಲಿ ಬದುಕುತ್ತದೆ.

ಮುಂದಿನ ತಿಂಗಳ ಭಾಷಣಕ್ಕೆ ತರುಣರು ಆ ಮುದುಕರನ್ನೇ ಕರೆದರು. ಅವರು ಕುರ್ಚಿಯ ಮೇಲೆ ಕೂರಲು ಒಪ್ಪಲಿಲ್ಲ. "ದಡದಾಗೆ ಏನ್ ಹೇಳಾದು? ನೀರ್‌ಗೆ ಬನ್ನಿ," ಎಂದರು. ತರುಣರು ಕಯಾಕ್‌ಗಳಲ್ಲಿ ಹಿಂಬಾಲಿಸಿದರು. ನಾನು ಅವರ ಹರಿಗೋಲಿನಲ್ಲಿ ಕುಳಿತೆ. ಕಾವೇರಿಯ ದಡದಲ್ಲಿಯೇ ಬದುಕಿ ಅರವತ್ತು ದಾಟಿದವನು ಹರಿಗೋಲು ಹತ್ತಿದ್ದು ಅದೇ ಮೊದಲೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಲೋಕಪಾವನಿಯ ನೀರು ಕೂಡುವ ಕಡೆ ಹುಟ್ಟು ನಿಲ್ಲಿಸಿ, ಎಡಗಡೆಯ ನೀರಿನ ಬಣ್ಣವನ್ನೂ ಬಲಗಡೆಯದನ್ನೂ ನೋಡಿರೆಂದರು. ಗದ್ದೆಯ ಬಸಿನೀರು, ಊರ ಚರಂಡಿ, ಎರಡರ ವಾಸನೆಯನ್ನೂ ಬೇರೆ ಬೇರೆಯಾಗಿ ಗುರುತಿಸಿ ತೋರಿಸಿದರು. ನೀರುನಾಯಿಗಳು ತಿಂದು ಬಿಟ್ಟ ಮೀನಿನ ಮುಳ್ಳುಗಳನ್ನು ಬಂಡೆಯ ಮೇಲೆ ಕಂಡು ಆ ಹುಡುಗಿ ಚಪ್ಪಾಳೆ ತಟ್ಟಿದಳು, ಮುದುಕರು ಗದರಿದರು.

ಹೋಗುತ್ತ ಹೋಗುತ್ತ ಅವರು ಮಡುಗಳ ಹೆಸರು ಹೇಳಿದರು. ಒಂದಕ್ಕೆ ಎಮ್ಮೆಯ ಹೆಸರು, ಒಂದಕ್ಕೆ ಮುಳುಗಿ ಸತ್ತ ಸೊಸೆಯೊಬ್ಬಳ ಹೆಸರು, ಒಂದಕ್ಕೆ ಅದರ ಆಳವೇ ಹೆಸರು. ಯಾವ ನಿಘಂಟಿನಲ್ಲಿಯೂ ನಾನು ಕಂಡಿರದ ಹನ್ನೊಂದು ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ. ಇಳಿಯುವಾಗ ಹರಿಗೋಲು ಬಾಗಿ ಪುಸ್ತಕ ನೀರಿಗೆ ಬಿತ್ತು. ಒಣಗಿಸಿ ನೋಡಿದರೆ ಎಂಟು ಹೆಸರು ಉಳಿದಿವೆ. ಮಿಕ್ಕ ಮೂರನ್ನು ಕೇಳಿ ಬರೆದುಕೊಳ್ಳಲು ಬರುವ ಭಾನುವಾರ ಮತ್ತೆ ಹೋಗುವವನಿದ್ದೇನೆ.