ಮಾತನಾಡುವ ಹಸು, ಮಾತು ಮರೆಯುವ ಮಕ್ಕಳು

(ವಾರಾಣಸಿಯ ಕಂಟೋನ್ಮೆಂಟ್‌ನಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಕದಂಬರ, ಹೊಯ್ಸಳರ ಮಾತು ಬರುವುದು ವಾಡಿಕೆ. ನಾನಾದರೋ ಹಸು, ಎತ್ತು, ಹಂದಿಗಳ ಮಾತನ್ನೆತ್ತಿಕೊಂಡು ನಿಂತಿದ್ದೇನೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೆ ಕೊಟ್ಟಿಗೆಯ ಉಸಾಬರಿ ಏಕೆಂದು ತಾವು ಕೇಳಬಹುದು. ನಮ್ಮ ಮನೆಗಳ ಮಕ್ಕಳು ದಿನಬೆಳಗಾದರೆ ನೋಡುವುದು ಮಾತನಾಡುವ ಪ್ರಾಣಿಗಳ ಕಾರ್ಟೂನ್ ಚಿತ್ರಗಳನ್ನು. ಅವರ ಪಕ್ಕದಲ್ಲಿ ಕುಳಿತು ನಾವೂ ನೋಡುತ್ತೇವೆ, ನಗುತ್ತೇವೆ. ಆ ಪ್ರಾಣಿಗಳು ಆಡುವ ಮಾತು ಎಂಥದು, ಯಾವ ಭಾಷೆಯದು ಎಂಬೆರಡು ವಿಚಾರಗಳನ್ನು ತಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ದನಕರುಗಳನ್ನು ನಾವು ಮೂಕಪ್ರಾಣಿಗಳೆನ್ನುತ್ತೇವೆ. ಅವಕ್ಕೆ ಬಾಯಿ ಕೊಟ್ಟವರು ಅಮೆರಿಕದ ಚಿತ್ರಕಾರರೆಂದು ಮಕ್ಕಳು ತಿಳಿದಿದ್ದರೆ, ಆ ತಿಳಿವಳಿಕೆಯನ್ನು ತಿದ್ದುವುದಕ್ಕೆ ನಾವಿರುವ ಈ ಊರಿಗಿಂತ ತಕ್ಕ ಸ್ಥಳವಿಲ್ಲ. ಪಾಳಿ ಭಾಷೆಯ ಜಾತಕ ಸಂಗ್ರಹದಲ್ಲಿ 547 ಕಥೆಗಳಿವೆ. ಅವುಗಳಲ್ಲಿ ಎಷ್ಟೋ ಕಥೆಗಳು ವಾರಾಣಸಿಯಲ್ಲಿ ಬ್ರಹ್ಮದತ್ತನು ಆಳುತ್ತಿದ್ದ ಕಾಲದಲ್ಲಿ ನಡೆದುವೆಂದೇ ಮೊದಲಾಗುತ್ತವೆ. ಮುನಿಕ ಜಾತಕವೆಂಬುದು ಅಚ್ಚ ಕೊಟ್ಟಿಗೆಯ ಕಥೆ. ಅಣ್ಣತಮ್ಮಂದಿರಾದ ಎರಡು ಎತ್ತುಗಳು. ದುಡಿಯುವ ನಮಗೆ ಹುಲ್ಲು, ದುಡಿಯದ ಹಂದಿಗೆ ಗಂಜಿಯೇ ಎಂದು ತಮ್ಮ ಗೊಣಗುತ್ತದೆ. ಆ ಊಟಕ್ಕೆ ಹೊಟ್ಟೆಕಿಚ್ಚು ಪಡಬೇಡ, ಮನೆಯಲ್ಲಿ ಮಗಳ ಮದುವೆಯಿದೆ, ಹಂದಿಯನ್ನು ಕೊಬ್ಬಿಸುತ್ತಿರುವುದು ನೆಂಟರ ಊಟಕ್ಕಾಗಿ ಎಂದು ಅಣ್ಣ ಬುದ್ಧಿ ಹೇಳುತ್ತದೆ. ಹುಲ್ಲು ತಿಂದವರು ಬದುಕಿಕೊಂಡರು.

ಇಲ್ಲಿಂದ ಸುಮಾರು ಎರಡು ಹರದಾರಿ ದೂರದ ಸಾರನಾಥ, ಬುದ್ಧದೇವನು ಮೊದಲ ಉಪದೇಶ ಮಾಡಿದ ಮೃಗದಾವ. ಕಾಶಿಯ ಅರಸನ ಅಡಿಗೆಮನೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕಾಗಿತ್ತೆಂದು ನ್ಯಗ್ರೋಧಮೃಗ ಜಾತಕ ಹೇಳುತ್ತದೆ. ಬಸುರಿ ಜಿಂಕೆಯೊಂದರ ಸರದಿ ಬಂತು. ಅವಳ ಹಿಂಡಿನ ಒಡೆಯ ಕೈಬಿಟ್ಟ. ಇನ್ನೊಂದು ಹಿಂಡಿನ ಒಡೆಯನಾದ ನ್ಯಗ್ರೋಧನು ಅವಳ ಬದಲಿಗೆ ತಾನೇ ಬಂದು ಕೊರಳೊಡ್ಡಿದ. ಅರಸನ ಮನಸ್ಸು ಕರಗಿ ಸಕಲ ಪ್ರಾಣಿಗಳಿಗೂ ಅಭಯ ದೊರೆಯಿತು.

ಇನ್ನು ಕನ್ನಡಕ್ಕೆ ಬರೋಣ. ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದ. ವರ್ತಕನ ಬಂಡಿ ಎಳೆಯುತ್ತಿದ್ದ ಸಂಜೀವಕನೆಂಬ ಎತ್ತು ಸಿಂಹಕ್ಕೆ ಮಿತ್ರನಾಗಿ, ನರಿಯ ಚಾಡಿಯಿಂದ ಪ್ರಾಣ ಕಳೆದುಕೊಂಡ ಕಥೆ ಅದರಲ್ಲಿದೆ. ಆದರೆ ಕನ್ನಡಿಗರ ಮನೆಮನೆಯ ಕಥೆಯೆಂದರೆ ಗೋವಿನ ಹಾಡು. ಹಸಿದ ಅರ್ಬುತನ ಕೈಗೆ ಸಿಕ್ಕಿದ ಪುಣ್ಯಕೋಟಿ, ಕರುವಿಗೆ ಹಾಲೂಡಿಸಿ ಹಿಂದಿರುಗುವೆನೆಂದು ಮಾತು ಕೊಟ್ಟಳು. ಕೊಟ್ಟಿಗೆಗೆ ಬಂದಳು. ಉಳಿದುಕೊಳ್ಳೆಂದು ಹೇಳುವವರು ಎಷ್ಟೋ ಮಂದಿ ಇದ್ದರು. ತಬ್ಬಲಿಯಾಗಲಿರುವ ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸಿ ಹುಲಿಯ ಮುಂದೆ ಹೋಗಿ ನಿಂತಳು.

ಮಹನೀಯರೇ, ಇಲ್ಲಿ ನಮ್ಮ ಭಾಷೆಯ ಒಂದು ಸೊಗಸನ್ನು ನೋಡಬೇಕು. ಕನ್ನಡದಲ್ಲಿ ಮಾತನ್ನು ಆಡುತ್ತೇವೆ, ಮಾತನ್ನು ಕೊಡುತ್ತೇವೆ. ಎರಡಕ್ಕೂ ಒಂದೇ ಪದ. ಪುಣ್ಯಕೋಟಿ ಮಾತನಾಡುವ ಹಸು ಮಾತ್ರವಲ್ಲ, ಮಾತು ಕೊಟ್ಟ ಹಸು.

ಪರದೇಶದ ಚಿತ್ರಗಳಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳುವುದಿಲ್ಲ. ಇ.ಬಿ. ವೈಟ್ 1952ರಲ್ಲಿ ಬರೆದ ‘ಶಾರ್ಲೆಟ್ಸ್ ವೆಬ್’ 1973ರಲ್ಲಿ ಕಾರ್ಟೂನ್ ಚಿತ್ರವಾಯಿತು. ಮುನಿಕನಿಗೆ ಬಂದ ಗತಿಯೇ ವಿಲ್ಬರ್ ಎಂಬ ಹಂದಿಮರಿಗೂ ಕಾದಿತ್ತು. ಉಳಿಸುವೆನೆಂದು ಮಾತು ಕೊಟ್ಟ ಜೇಡವೊಂದು ತನ್ನ ಬಲೆಯಲ್ಲಿ ಅವನ ಹೊಗಳಿಕೆಯ ಅಕ್ಷರಗಳನ್ನು ನೇಯ್ದು, ಅವನನ್ನು ಉಳಿಸಿ ತಾನು ತೀರಿಕೊಂಡಿತು. ಅದು ಪುಣ್ಯಕೋಟಿಯ ಬಳಗವೇ ಸರಿ. ನಮ್ಮ ನೆರೆಯ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ 1954ರಲ್ಲಿ ಇಂಗ್ಲೆಂಡಿನಲ್ಲಿ ಚಿತ್ರವಾಯಿತು. ಅದರ ಪ್ರಾಣಿಗಳಿಗೆಲ್ಲ ಕಂಠ ಕೊಟ್ಟವನು ಮಾರಿಸ್ ಡೆನ್‌ಹ್ಯಾಮ್ ಒಬ್ಬನೇ. ಅದು ದೊಡ್ಡವರ ಕಥೆ. ಎಳೆಯ ಮಕ್ಕಳಿಗೆ ತಕ್ಕುದಲ್ಲ.

ಡಿಸ್ನಿಯವರ 2004ರ ‘ಹೋಮ್ ಆನ್ ದಿ ರೇಂಜ್’ ಚಿತ್ರವಂತೂ ನನ್ನ ವೃತ್ತಿಗೇ ಸೇರಿದ್ದು. ಮುದುಕಿಯೊಬ್ಬಳು ಬ್ಯಾಂಕಿನ 750 ಡಾಲರ್ ಬಾಕಿಯನ್ನು ಮೂರು ದಿನದಲ್ಲಿ ತೀರಿಸದಿದ್ದರೆ ಅವಳ ಹೊಲಮನೆ ಹರಾಜು. ಮೂರು ಹಸುಗಳು ಹೊರಟು, ದನಗಳ್ಳನನ್ನು ಹಿಡಿದು, ಬಹುಮಾನದ ಹಣದಿಂದ ಸಾಲ ತೀರಿಸುತ್ತವೆ. ಹಸುಗಳು ತಂದ ಹಣವನ್ನು ಯಾವ ಖಾತೆಗೆ ಜಮೆ ಮಾಡಬೇಕೆಂಬುದು ನಾನು ಓದಿದ ಬಿ.ಕಾಂ. ಪುಸ್ತಕಗಳಲ್ಲಿ ಇರಲಿಲ್ಲ! ಆದರೂ ದನಕರು, ಸಾಲ, ಹರಾಜು, ಈ ಮೂರರ ಸಂಬಂಧವನ್ನು ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಪುಣ್ಯಕೋಟಿಗೆ ಚಿತ್ರಭಾಗ್ಯ ಬರಲಿಲ್ಲವೇ? ಬಂತು. ರವಿಶಂಕರ್ ಎಂಬ ಕನ್ನಡಿಗರು ಜನರಿಂದಲೇ ಹಣ ಕೂಡಿಸಿ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರವನ್ನು ತಯಾರಿಸಿದರು. ಇಳಯರಾಜ ಅವರ ಸಂಗೀತ, ನಟಿ ರೇವತಿ ಅವರ ಕಂಠ. 2020ರಲ್ಲಿ ಬಂದ ಆ ಚಿತ್ರದ ಭಾಷೆ ಸಂಸ್ಕೃತ. ಕಾಶಿಯಲ್ಲಿ ಸಂಸ್ಕೃತವನ್ನು ಬೇಡವೆನ್ನುವವರಾರು? ಆದರೂ ಕನ್ನಡದ ಹಸು ಮೊದಲು ಕನ್ನಡದಲ್ಲಿ ಬಾಯಿ ತೆರೆದಿದ್ದರೆ ಎಂಬ ಆಸೆ ತಾಯಿಯಾದವಳಿಗೆ ಇರದೇ ಹೋದೀತೇ?

ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ನಮ್ಮ ಚಿತ್ರೋದ್ಯಮವು 1960ರ ದಶಕದಿಂದ ದೀರ್ಘಕಾಲ ವಿರೋಧಿಸಿತು. ಕಲಾವಿದರ ಅನ್ನದ ಪ್ರಶ್ನೆ ಅದರ ಹಿಂದಿತ್ತು; ಅದನ್ನು ಹಗುರವಾಗಿ ಕಾಣಬಾರದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ತಡೆಯೊಡ್ಡುವುದು ಸಲ್ಲದೆಂದು ತೀರ್ಪಿತ್ತಿತು. ಆ ನಡುವಿನ ಅವಧಿಯಲ್ಲಿ ಬೆಳೆದ ಮಕ್ಕಳಿಗೆ ಪರದೇಶದ ಹಸುವೂ ಹಂದಿಯೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತನಾಡಿದುವು.

ನಾಡಿನಲ್ಲಿರುವ ಮಗುವಿಗೆ ಬೀದಿಯಾದರೂ ಕನ್ನಡ ಕಲಿಸುತ್ತದೆ. ನಮ್ಮ ಮಕ್ಕಳಿಗೆ ಇಲ್ಲಿ ಬೀದಿ ಹಿಂದಿ, ಶಾಲೆ ಇಂಗ್ಲಿಷ್. ನಮ್ಮಲ್ಲೊಬ್ಬರ ಮನೆಯ ಮಗು ಊರಿನ ಅಜ್ಜಿಗೆ ಫೋನಿನಲ್ಲಿ, ‘ಅಜ್ಜೀ, ಬಾಗಿಲಲ್ಲಿ ಗಾಯ್ ಇದೆ’ ಎಂದಿತಂತೆ. ಅಜ್ಜಿ ಗಾಬರಿಯಾಗಿ, ‘ಅಯ್ಯೋ ಕಂದಾ, ಎಲ್ಲಿ ಗಾಯವಾಯಿತು? ಅಮ್ಮನನ್ನು ಕರೆ’ ಎಂದರಂತೆ. ಕೇಳಿದವರೆಲ್ಲ ನಕ್ಕೆವು. ಆದರೆ ಆ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಒಂದು ಹಸುವಿನಷ್ಟು ಅಂತರ ಬಿದ್ದಿದೆಯಲ್ಲವೇ? ಹಸುವಿನ ಹಿಂದೆಯೇ ಕೊಟ್ಟಿಗೆ, ಗೋದಲಿ, ಕಣ್ಣಿ, ಕಲಗಚ್ಚು, ಹಿಂಡಿ, ಗಿಣ್ಣು ಎಲ್ಲವೂ ಹೊರಟುಹೋಗುತ್ತವೆ. ಮೂಕಪ್ರಾಣಿಗೆ ಮಾತು ಬಂದ ಮನೆಯಲ್ಲಿ ಮಗು ಅಜ್ಜಿಯ ಮುಂದೆ ಮೂಕವಾಗಬಾರದು.

ಇದಕ್ಕೆ ದುಡ್ಡಿನ ಖರ್ಚಿಲ್ಲ. ಚಿತ್ರಗಳನ್ನು ನಿಲ್ಲಿಸಬೇಡಿ, ನಿಲ್ಲಿಸಿದರೂ ಮಕ್ಕಳು ಕೇಳುವುದಿಲ್ಲ. ಚಿತ್ರ ಮುಗಿದ ಮೇಲೆ ಆ ಕಥೆಯನ್ನು ಕನ್ನಡದಲ್ಲಿ ಹೇಳೆಂದು ಮಗುವನ್ನು ಕೇಳಿ. ಪದ ಸಿಗದೆ ತಡವರಿಸಿದಲ್ಲಿ ಪದ ಕೊಡಿ, ನಗಬೇಡಿ. ಭಾನುವಾರ ಸಾರನಾಥಕ್ಕೆ ಕರೆದೊಯ್ದು ಜಿಂಕೆಗಳ ಮುಂದೆಯೇ ನ್ಯಗ್ರೋಧನ ಕಥೆ ಹೇಳಿ. ಗೋವಿನ ಹಾಡನ್ನು ಊರಿನ ಅಜ್ಜಿಯರಿಂದಲೇ ಫೋನಿನಲ್ಲಿ ಹಾಡಿಸಿ; ಅವರಿಗೂ ಒಂದು ಕೆಲಸವಾಯಿತು. ಕೊನೆಯಲ್ಲಿ ಹುಲಿ ಪ್ರಾಣ ಬಿಡುವಾಗ ಮಗು, ‘ಹುಲಿ ಏಕೆ ಸಾಯಬೇಕಾಗಿತ್ತು?’ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆ ಕನ್ನಡದಲ್ಲಿ ಬಂದರೆ, ಉತ್ತರ ಹುಡುಕಲು ನಾವು ಎಷ್ಟು ತಡವರಿಸಿದರೂ ಚಿಂತೆಯಿಲ್ಲ.

ಊರು ಬಿಡುವಾಗ ನಾವು ಪ್ರತಿಯೊಬ್ಬರೂ ತಂದೆತಾಯಿಗಳಿಗೆ ಮಾತು ಕೊಟ್ಟು ಬಂದವರು: ಮರೆಯುವುದಿಲ್ಲ, ಬರುತ್ತಿರುತ್ತೇವೆ ಎಂದು. ನಮಗೆ ವರ್ಗಾವಣೆ ಸಿಕ್ಕೀತು, ಸಿಗದಿದ್ದೀತು. ನಮ್ಮ ಮಕ್ಕಳ ನಾಲಿಗೆಯ ಮೇಲಾದರೂ ಆ ಮಾತು ಉಳಿದುಕೊಳ್ಳಲಿ ಎಂದು ಹಾರೈಸುತ್ತೇನೆ.

ಸಿರಿಗನ್ನಡಂ ಗೆಲ್ಗೆ.