ಗಡಿಯಲ್ಲಿ ನಿಂತ ಲಾರಿಗಳು

ಹಿಟ್ಟು, ಔಷಧ, ಕಂಬಳಿ ತುಂಬಿದ ಲಾರಿ ಗಡಿ ದಾಟಲು ಯಾರ ಒಪ್ಪಿಗೆ ಬೇಕು? ಮಾನವ ಹಕ್ಕುಗಳ ಬಗ್ಗೆ ಎಷ್ಟೇ ದೊಡ್ಡ ಮಾತಾಡಿದರೂ, ಯುದ್ಧದ ನಡುವೆ ಚರ್ಚೆ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1991ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿರ್ಣಯದ ಪ್ರಕಾರ, ನೆರವಿಗೆ ಆಯಾ ದೇಶದ ಸಮ್ಮತಿ ಇರಬೇಕು. ತನ್ನ ಪ್ರಜೆಗಳ ಮೇಲೇ ಬಾಂಬು ಸುರಿಯುವ ಸರ್ಕಾರ ಸಮ್ಮತಿ ಕೊಡದಿದ್ದರೆ?

ಸಿರಿಯಾದಲ್ಲಿ ಆದದ್ದು ಅದೇ. 2014ರ ಜುಲೈ 14ರಂದು ಭದ್ರತಾ ಮಂಡಳಿ 2165ನೇ ನಿರ್ಣಯವನ್ನು ಅವಿರೋಧವಾಗಿ ಒಪ್ಪಿತು. ರಷ್ಯಾ ಕೂಡ ಕೈಯೆತ್ತಿತ್ತು. ಟರ್ಕಿ ಗಡಿಯಲ್ಲಿ ಬಾಬ್ ಅಲ್-ಹವಾ, ಬಾಬ್ ಅಲ್-ಸಲಾಮ್, ಇರಾಕ್ ಗಡಿಯಲ್ಲಿ ಅಲ್-ಯರೂಬಿಯಾ, ಜೋರ್ಡಾನ್ ಗಡಿಯಲ್ಲಿ ಅಲ್-ರಮ್ಥಾ, ಹೀಗೆ ನಾಲ್ಕು ದಾರಿ ತೆರೆದವು. ಡಮಾಸ್ಕಸ್ಸಿನ ಸರ್ಕಾರಕ್ಕೆ ತಿಳಿಸಿದರೆ ಸಾಕು, ಅಪ್ಪಣೆಗೆ ಕಾಯಬೇಕಿರಲಿಲ್ಲ. ಲಾರಿಯೊಳಗೆ ಬಂದೂಕು ಅಡಗಿಲ್ಲವೆಂದು ವಿಶ್ವಸಂಸ್ಥೆಯ ವೀಕ್ಷಕರೇ ತಪಾಸಣೆ ಮಾಡುತ್ತಿದ್ದರು.

ನಾಲ್ಕೂ ದಾರಿಗಳು ತೆರೆದೇ ಉಳಿಯಲಿಲ್ಲ. ರಷ್ಯಾ, ಚೀನಾಗಳ ವೀಟೊಗಳ ನಡುವೆ 2020ರ ಜನವರಿಯಲ್ಲಿ ನಾಲ್ಕು ಎರಡಾದವು, ಜುಲೈಯಲ್ಲಿ ಬಾಬ್ ಅಲ್-ಹವಾ ಒಂದೇ ಉಳಿಯಿತು. ಈಶಾನ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಔಷಧ ಸಾಗುತ್ತಿದ್ದ ಅಲ್-ಯರೂಬಿಯಾ ಮುಚ್ಚಿದ್ದು ಕೊರೊನಾ ಕಾಲಿಡುವ ಹೊತ್ತಿಗೆ!

2023ರ ಫೆಬ್ರುವರಿ 6ರ ಭೂಕಂಪ ಇದರ ಬೆಲೆ ತೋರಿಸಿತು. ವಾಯವ್ಯ ಸಿರಿಯಾದ ಸುಮಾರು 40 ಲಕ್ಷ ಜನರಿಗೆ ಗಡಿಯಾಚೆಯಿಂದ ವಿಶ್ವಸಂಸ್ಥೆಯ ನೆರವು ಬರಲು ಇದ್ದದ್ದು ಆ ಒಂದೇ ದಾರಿ, ಅಲ್ಲಿಗೆ ಹೋಗುವ ರಸ್ತೆಗಳೂ ಹಾಳಾಗಿದ್ದವು. ವಿಶ್ವಸಂಸ್ಥೆಯ ಮೊದಲ ಲಾರಿಗಳು ದಾಟಿದ್ದು 9ರಂದು. ಅವಶೇಷದಡಿ ಸಿಕ್ಕವರಿಗೆ ಮೂರು ದಿನವೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವಿಶ್ವಸಂಸ್ಥೆಯ ನೆರವು ವಿಭಾಗದ ಅಂದಿನ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಅಲ್ಲಿನ ಜನರ ಕೈಬಿಟ್ಟೆವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಭಾರತವೂ 'ಆಪರೇಷನ್ ದೋಸ್ತ್' ಹೆಸರಿನಲ್ಲಿ ಸಾಮಗ್ರಿ ಕಳಿಸಿತು. ಸಿರಿಯಾಕ್ಕೆ ಹೋದ ವಾಯುಪಡೆಯ ವಿಮಾನ ಇಳಿದದ್ದು ವಾಯವ್ಯದಲ್ಲಲ್ಲ, ಡಮಾಸ್ಕಸ್ಸಿನಲ್ಲಿ.

ಅಷ್ಟಾದರೂ ಆ ಜುಲೈಯಲ್ಲಿ ಬಾಬ್ ಅಲ್-ಹವಾ ಅನುಮತಿಯ ಒಂಬತ್ತು ತಿಂಗಳ ವಿಸ್ತರಣೆಗೆ ರಷ್ಯಾ ವೀಟೊ ಹಾಕಿತು. ರಷ್ಯಾ ಮುಂದಿಟ್ಟ ಆರು ತಿಂಗಳ ಕರಡಿಗೆ ಸಾಕಷ್ಟು ಮತ ಬೀಳಲಿಲ್ಲ. ಬಾಬ್ ಅಲ್-ಹವಾದಲ್ಲಿ ಲಾರಿಗಳು ಮತ್ತೆ ಹೊರಟಿದ್ದು ಸೆಪ್ಟೆಂಬರಿನಲ್ಲಿ, ಅದೂ ಡಮಾಸ್ಕಸ್ಸಿನ ಅನುಮತಿ ಪಡೆದು.

ನೆರವಿಗೂ ಆಯಾ ದೇಶದ ಸಮ್ಮತಿ ಬೇಕೆನ್ನುವ ಸಾರ್ವಭೌಮತೆಯ ವಾದ ಬರೀ ನೆಪವಲ್ಲ. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಪಡೆದ 1973ನೇ ನಿರ್ಣಯ ನ್ಯಾಟೊ ದಾಳಿಯಾಗಿ, ಅಲ್ಲಿನ ಸರ್ವಾಧಿಕಾರಿ ಗಡಾಫಿಯ ಪತನದಲ್ಲಿ ಮುಗಿಯಿತು. ಅಂದು ಭಾರತ ಮತದಾನದಿಂದ ದೂರ ಉಳಿದಿತ್ತು. ಆ ಎಚ್ಚರಿಕೆಗೆ ಅರ್ಥವಿತ್ತು. ಆದರೆ ಯುದ್ಧವಿಮಾನಕ್ಕೂ ತಪಾಸಣೆಯಾದ ಹಿಟ್ಟಿನ ಮೂಟೆಗೂ ಒಂದೇ ಅನುಮಾನ ಹಚ್ಚುವುದು ವಿವೇಕವಲ್ಲ, ರಾಜಕೀಯ. ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುತ್ತಿರುವ ಭಾರತ, ಅನ್ನ-ಔಷಧದ ವಿಚಾರದಲ್ಲಿ ವೀಟೊ ಬಳಸುವುದಿಲ್ಲವೆಂದು ಈಗಲೇ ಘೋಷಿಸಬೇಕು. ಹಾಗೆ ಕೇಳುವ ಹಕ್ಕು ಈ ಸಭೆಯಲ್ಲಿ ಕುಳಿತ ಮತದಾರರಿಗೂ ಇದೆ.