ಡಿಸ್ಕ್ ಓದದ ಲ್ಯಾಪ್‌ಟಾಪ್: ತಪ್ಪು ಯಾರದು?

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರ, ಫೋನು, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಚಿತ್ರಗೀತೆಯ ಬೇಡಿಕೆಯದೇ ಮೇಲುಗೈ. ಅದರ ನಡುವೆ ಈಚೆಗೆ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ. "ಮೇಡಂ, ಊರಿನಿಂದ ತಂದ ಹಳೇ ಸಿಡಿ ಲ್ಯಾಪ್‌ಟಾಪಿನಲ್ಲಿ ಓಡುತ್ತಿಲ್ಲ, ಏನು ಮಾಡೋದು?" ಡೊಂಬಿವಲಿಯ ಕೇಳುಗರೊಬ್ಬರ ಬಳಿ 2004ರಲ್ಲಿ ಊರ ದೇವಸ್ಥಾನದಲ್ಲಿ ನಡೆದ ತಾಳಮದ್ದಳೆಯ ಸಿಡಿ ಇದೆ. ಅದರಲ್ಲಿ ಅರ್ಥ ಹೇಳಿದವರು ಅವರ ತಂದೆ. ತಂದೆ ಈಗಿಲ್ಲ. ಅವರ ದನಿ ಉಳಿದಿರುವುದು ಆ ಒಂದೇ ತಟ್ಟೆಯಲ್ಲಿ.

ಇಂಥ ತಟ್ಟೆಗಳು ನಮ್ಮಲ್ಲಿ ಎಷ್ಟು ಮನೆಗಳ ಬೀರುವಿನಲ್ಲಿವೆಯೋ! ಮದುವೆಯ ವಿಸಿಡಿ, ಮಗುವಿನ ನಾಮಕರಣ, ಅಜ್ಜಿ ಹೇಳಿದ ಸೋಬಾನೆ, ಕನ್ನಡ ಸಂಘದ ರಾಜ್ಯೋತ್ಸವದ ನಾಟಕ. ಅವನ್ನು ಓದಬಲ್ಲ ಯಂತ್ರಗಳು ಮಾತ್ರ ಮನೆಗಳಿಂದ ಒಂದೊಂದಾಗಿ ಜಾಗ ಖಾಲಿ ಮಾಡುತ್ತಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವ್ ಇರುವುದೇ ಅಪರೂಪ. ಹಾಗಾಗಿ ಅಟ್ಟದಲ್ಲಿಟ್ಟ ಹಳೆಯ ಲ್ಯಾಪ್‌ಟಾಪನ್ನು ಇಳಿಸಿ, ಧೂಳು ಕೊಡವಿ, ಡಿಸ್ಕ್ ಹಾಕುತ್ತೇವೆ. ಅದು ಗರಗರ ಅಂದು ಸುಮ್ಮನಾಗುತ್ತದೆ. "ಡ್ರೈವ್ ಹೋಯ್ತು" ಎಂದು ತೀರ್ಪು ಕೊಟ್ಟು ಎದ್ದುಬಿಡುತ್ತೇವೆ. ಹಳಗನ್ನಡ, ಛಂದಸ್ಸು ಓದಿಕೊಂಡು ರೇಡಿಯೊಗೆ ಬಂದವಳು ನಾನು, ಕಂಪ್ಯೂಟರ್ ಪಂಡಿತೆಯಲ್ಲ. ಆದರೆ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಸಿಡಿಗಳ ಜೊತೆ ಏಗಿದವಳು. ಆ ಅನುಭವದಿಂದ ಹೇಳುತ್ತೇನೆ, ತೀರ್ಪಿಗೆ ಮೊದಲು ವಿಚಾರಣೆ ನಡೆಯಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕೆಲವು ಸಲ ನೆಲ ನಿಜವಾಗಿಯೂ ಡೊಂಕು, ಕೆಲವು ಸಲ ಕುಣಿಯುವವಳಿಗೇ ಬಾರದು.

ಮೊದಲು ಕಿವಿಗೊಟ್ಟು ಕೇಳಿ. ಡಿಸ್ಕ್ ಹಾಕಿದ ಮೇಲೆ ತಿರುಗುವ ಸದ್ದೇ ಬಾರದಿದ್ದರೆ, ತನ್ನೊಳಗೆ ಡಿಸ್ಕ್ ಇದೆ ಎಂಬುದೇ ಡ್ರೈವಿಗೆ ಗೊತ್ತಾಗಿಲ್ಲ ಎಂದು ಅರ್ಥ. ತಿರುಗಿ, ನಿಂತು, ಮತ್ತೆ ತಿರುಗಿ, ಮತ್ತೆ ನಿಂತರೆ ಅದು ಓದಲು ಯತ್ನಿಸುತ್ತಿದೆ, ಅಕ್ಷರ ಕಾಣುತ್ತಿಲ್ಲ. ತಡಬಡಾಯಿಸುವಂತೆ ಗಡಗಡ ಸದ್ದಾದರೆ ಡಿಸ್ಕ್ ಸರಿಯಾಗಿ ಕೂತಿಲ್ಲ. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ತಟ್ಟೆಯನ್ನು ಸುಮ್ಮನೆ ಇಟ್ಟರೆ ಸಾಲದು. ನಡುವಿನ ಗುಬ್ಬಿಯ ಮೇಲಿಟ್ಟು, ತೂತಿನ ಅಂಚನ್ನು ಬೆರಳುಗಳಿಂದ ಒತ್ತಿದಾಗ 'ಟಿಕ್' ಎಂದು ಕೂರಬೇಕು. ಒತ್ತುವಾಗ ಟ್ರೇಯ ಅಡಿಗೆ ಇನ್ನೊಂದು ಕೈ ಆಸರೆ ಕೊಡಿ, ಅದು ಬಹಳ ನಾಜೂಕು.

ಇನ್ನು ಮೂರು ತಟ್ಟೆಗಳ ಪರೀಕ್ಷೆ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ ಒಂದು, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಒಂದು, ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆಸಿದ ಡಿಸ್ಕ್ ಒಂದು. ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಸಿಡಿ ಓದಿತು, ಡಿವಿಡಿ ಒಂದನ್ನೂ ಓದಲಿಲ್ಲ ಎಂದಿಟ್ಟುಕೊಳ್ಳಿ. ಅಥವಾ ಅದಕ್ಕೆ ತಿರುವುಮುರುವು. ಜನ ಇದನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ಸಿಡಿಯನ್ನು ಓದುವುದು ಕಣ್ಣಿಗೆ ಕಾಣದ, ಸುಮಾರು 780 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಲೇಸರ್. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರಿನ ಕೆಂಪು ಲೇಸರ್. ಒಂದೇ ಡ್ರೈವಿನಲ್ಲಿ ಎರಡೂ ದೀಪ. ಒಂದು ಮಂಕಾದರೂ ಇನ್ನೊಂದು ಉರಿಯುತ್ತಿರಬಹುದು. ಹೀಗಾದರೆ ಡ್ರೈವಿಗೆ ವಯಸ್ಸಾಗಿದೆ, ಬದಲಿಸಬೇಕು. ಬ್ಲೂ-ರೇ ಡಿಸ್ಕಿಗಂತೂ 405 ನ್ಯಾನೊಮೀಟರಿನ ಬೇರೆಯೇ ಲೇಸರ್ ಬೇಕು. ಸಾಮಾನ್ಯ ಡಿವಿಡಿ ಡ್ರೈವ್ ಅದನ್ನು ಓದುವುದಿಲ್ಲ, ಎಷ್ಟು ಒರೆಸಿದರೂ ಓದುವುದಿಲ್ಲ.

ಮೂರನ್ನೂ ಓದದಿದ್ದರೆ ಮೊದಲ ಅನುಮಾನ ಮಸೂರದ ಮೇಲೆ. ಲೆನ್ಸಿಗೆ ಮಸೂರ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವಲ್ಲ, ಅದು ನಮ್ಮ ಮಸೂರ್ ಬೇಳೆಯ ಮಸೂರವೇ. ಡ್ರೈವಿನ ಮಸೂರ ಗಾತ್ರದಲ್ಲೂ ಹೆಚ್ಚುಕಡಿಮೆ ಬೇಳೆಯಷ್ಟೇ ಇದೆ. ಲ್ಯಾಪ್‌ಟಾಪಿನ ಟ್ರೇ ಎಳೆದರೆ ಅದೂ ಜೊತೆಗೇ ಹೊರಬರುತ್ತದೆ, ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ಧೂಳು ಕೂತರೆ ಪೊರೆ ಬಂದ ಕಣ್ಣಿನಂತೆ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಚಾರ್ಜರ್ ತೆಗೆದು ಈ ಕೆಲಸ ಮಾಡಿ. ಟ್ರೇ ಬಾರದಿದ್ದರೆ ಅದರ ಮುಖದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಪೇಪರ್ ಕ್ಲಿಪ್ಪನ್ನು ನೇರ ಮಾಡಿ ಮೆಲ್ಲಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರಿನಿಂದ ಮೊದಲು ಗಾಳಿ ಹಾಯಿಸಿ. ಬಾಯಿಂದ ಊದಬೇಡಿ, ಗಾಳಿಗಿಂತ ಎಂಜಲೇ ಹೆಚ್ಚು ಹೋಗುತ್ತದೆ. ಅದರಿಂದ ಆಗದಿದ್ದರೆ ಇಯರ್ ಬಡ್ಡಿನ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿ, ಮಗುವಿನ ಕೆನ್ನೆ ಮುಟ್ಟಿದಷ್ಟು ಹಗುರವಾಗಿ ಒರೆಸಿ. ಮಸೂರ ಕೂತಿರುವುದು ಕೂದಲೆಳೆಯಂಥ ತಂತಿಗಳ ಮೇಲೆ, ಒತ್ತಿದರೆ ಕಥೆ ಮುಗಿಯಿತು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಜಿಡ್ಡಿನ ಅಂಶಗಳಿರುತ್ತವೆ. ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಲ್ಯಾಪ್‌ಟಾಪ್ ಹಚ್ಚಿ. ಉರಿಯುತ್ತಿರುವ ಲೇಸರನ್ನು ಇಣುಕಿ ನೋಡುವ ಸಾಹಸ ಯಾವ ಕಾರಣಕ್ಕೂ ಬೇಡ.

ನಮ್ಮ ಮುಂಬಯಿಯ ಮಳೆಗಾಲದ್ದು ಬೇರೆಯದೇ ಉಪದ್ರ. ತಂಪು ಏಸಿ ಕೋಣೆಯಿಂದ ಲ್ಯಾಪ್‌ಟಾಪನ್ನು ಹೊರಗಿನ ಹಸಿ ಸೆಕೆಗೆ ತಂದ ಕೂಡಲೇ ಮಸೂರದ ಮೇಲೆ ಮಂಜು ಕಟ್ಟುತ್ತದೆ, ಬಿಸಿ ಚಹಾದ ಮುಂದೆ ಕನ್ನಡಕಕ್ಕೆ ಆಗುವ ಹಾಗೆ. ಒಂದು ಗಂಟೆ ಸುಮ್ಮನಿರಿ, ಅದು ತಾನಾಗಿ ಆರುತ್ತದೆ. ಎಷ್ಟೋ ಜನ ಆ ಒಂದು ಗಂಟೆಯಲ್ಲಿ ರಿಪೇರಿಯವನ ಅಂಗಡಿ ಮುಟ್ಟಿರುತ್ತಾರೆ.

ಅಂಗಡಿಯ ಡಿಸ್ಕುಗಳನ್ನೆಲ್ಲ ಓದಿ, ಬರೆಸಿದ್ದನ್ನು ಮಾತ್ರ ಓದದಿದ್ದರೆ ತಪ್ಪು ಡ್ರೈವಿನದಲ್ಲ ಎನ್ನಬಹುದು. ಅಂಗಡಿಯ ಡಿಸ್ಕಿನಲ್ಲಿ ಹಾಡು ಅಚ್ಚೊತ್ತಿದ ಸಣ್ಣ ಗುಳಿಗಳಾಗಿರುತ್ತದೆ. ಬರೆಸಿದ ಡಿಸ್ಕಿನಲ್ಲಿರುವುದು ಲೇಸರಿನಿಂದ ಸುಟ್ಟ ಬಣ್ಣದ ಪದರ. ಆ ಬಣ್ಣ ಬಿಸಿಲಿಗೆ, ಸೆಕೆಗೆ, ಕಾಲಕ್ಕೆ ಮಾಸುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬೇಸಿಗೆ ಕಳೆದ ಸಿಡಿಗೂ ಬೀರುವಿನಲ್ಲಿ ಕೂತ ಸಿಡಿಗೂ ಆಯಸ್ಸು ಒಂದೇ ಅಲ್ಲ. ಮಾಸಿದ್ದನ್ನು ಒಂದು ಡ್ರೈವ್ ಓದದಿದ್ದರೂ ಇನ್ನೊಂದು ಓದಬಹುದು. ಹಳೆಯ ಡೆಸ್ಕ್‌ಟಾಪ್ ಇರುವ ನೆಂಟರ ಮನೆಯಲ್ಲಿ ಒಮ್ಮೆ ಹಾಕಿ ನೋಡದೆ ಕೈಬಿಡಬೇಡಿ.

ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬಂದರೆ ಅಲ್ಲಿ ಬೆಳ್ಳಿ ಪದರ ಕಿತ್ತಿದೆ, ಆ ಭಾಗದ ಆಸೆ ಬಿಡಬೇಕಾದ್ದೇ. ನಾವೆಲ್ಲ ಹೊಳೆಯುವ ಬದಿಯನ್ನು ಕಾಪಾಡುತ್ತೇವೆ, ಹೆಸರು ಬರೆಯುವ ಬದಿಯನ್ನು ಹೇಗೆ ಬೇಕಾದರೂ ಇಡುತ್ತೇವೆ. ಸಿಡಿಯ ಮಟ್ಟಿಗೆ ಇದು ತೀರಾ ಉಲ್ಟಾ. 1.2 ಮಿಲಿಮೀಟರ್ ದಪ್ಪದ ಸಿಡಿಯಲ್ಲಿ ಹೊಳೆಯುವ ಬದಿಗೆ ಇಡೀ ಪ್ಲಾಸ್ಟಿಕ್ಕಿನ ಕವಚವಿದೆ. ಹೆಸರಿನ ಬದಿಯಲ್ಲಿ ಮಾಹಿತಿಯ ಪದರಕ್ಕೆ ಹೊದಿಕೆ ಎಂದರೆ ತೆಳ್ಳನೆಯ ವಾರ್ನಿಶ್ ಅಷ್ಟೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮಾಹಿತಿಯ ಮೇಲೇ ಗೀರು. ಅಂಟಿಸಿದ ಕಾಗದದ ಲೇಬಲ್ಲನ್ನು ಕೀಳಲು ಹೋದರೆ ಬೆಳ್ಳಿ ಪದರವೂ ಜೊತೆಗೇ ಕಿತ್ತು ಬಂದೀತು. ಡಿವಿಡಿಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಅದು ಸ್ವಲ್ಪ ಗಟ್ಟಿ.

ಕೊಳೆಯಾಗಿದ್ದರೆ ತಣ್ಣೀರು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಮೆತ್ತನೆಯ ಹತ್ತಿ ಬಟ್ಟೆ ಸಾಕು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ತಿರುಗಿಸಿ ಒರೆಸಬೇಡಿ. ಅಡ್ಡ ಗೀರನ್ನು ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದ ಗೀರು ಉದ್ದಕ್ಕೂ ಮಾಹಿತಿಯನ್ನು ನುಂಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಮನೆಮದ್ದನ್ನು ಬಹಳ ಜನ ಹೇಳುತ್ತಾರೆ. ಅದು ಹೊಳೆಯುವ ಬದಿಯನ್ನು ಸಣ್ಣಗೆ ತರಿಯುತ್ತದೆ, ಕೆಲವೊಮ್ಮೆ ಮೇಲುಗೀರು ಮಾಯವಾಗುವುದೂ ಉಂಟು. ಆದರೆ ಇರುವ ಒಂದೇ ಪ್ರತಿಯ ಮೇಲೆ ನಾನಂತೂ ಈ ಪ್ರಯೋಗ ಮಾಡಲಾರೆ.

ಡಿಸ್ಕ್ ತೆರೆಯುತ್ತದೆ, ಕಡತಗಳು ಕಾಣುತ್ತವೆ, ಸಿನಿಮಾ ಮಾತ್ರ ಓಡುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಡ್ರೈವಿಗೆ ಏನೂ ಆಗಿಲ್ಲ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸಿನ ಜೊತೆಗೇ ಬರುವುದು ನಿಂತುಹೋಗಿದೆ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಹಳೆಯ ವಿಸಿಡಿಯನ್ನೂ ಅದು ಓಡಿಸುತ್ತದೆ. ಅಮೆರಿಕದ ಮಗ ಕಳಿಸಿದ ಡಿವಿಡಿಯಾದರೆ ಪ್ರದೇಶ ಸಂಖ್ಯೆಯ ತಕರಾರು ಇರಬಹುದು. ಅಲ್ಲಿಯದು 1, ನಮ್ಮದು 5. ಡ್ರೈವಿನಲ್ಲಿ ಈ ಸಂಖ್ಯೆಯನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಅದು ಕೊನೆಯದಕ್ಕೇ ಅಂಟಿಕೊಳ್ಳುತ್ತದೆ.

ಡ್ರೈವಿನ ಗುರುತೇ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆದು, ಅಲ್ಲಿ ಡ್ರೈವಿನ ಹೆಸರನ್ನು ಅನ್‌ಇನ್‌ಸ್ಟಾಲ್ ಮಾಡಿ, ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಅಲ್ಲಿ ಹೆಸರೇ ಇಲ್ಲದಿದ್ದರೆ ಒಳಗಿನ ಜೋಡಣೆ ಸಡಿಲವಾಗಿದೆಯೇ ಎಂದು ಬಲ್ಲವರಿಂದ ನೋಡಿಸಿ.

ಈಗ ಡೊಂಬಿವಲಿಯ ತಾಳಮದ್ದಳೆಗೆ ಬರೋಣ. ಮಸೂರ ಒರೆಸಿದ ಮೇಲೆ ಅವರ ಸಿಡಿ ತೆರೆದುಕೊಂಡಿತು. ಅವರು ಸಂಭ್ರಮದಿಂದ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದರು. ಎರಡೇ ಕ್ಷಣದಲ್ಲಿ ಮುಗಿಯಿತು! ಆ ಎರಡು ಕ್ಷಣವೇ ನನಗೆ ಅನುಮಾನ ತಂದಿತು. ಹಾಡಿನ ಸಿಡಿಯನ್ನು ವಿಂಡೋಸಿನಲ್ಲಿ ತೆರೆದರೆ 'ಸಿಡಿಎ' ಎಂಬ ಬಾಲದ ಕಡತಗಳು ಕಾಣುತ್ತವೆ. ಒಂದೊಂದೂ ಬರೀ 44 ಬೈಟ್. ಅದರಲ್ಲಿ ದನಿ ಇಲ್ಲ, ದನಿ ತಟ್ಟೆಯಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ಇದೆ. ಮನೆಯನ್ನು ಬಿಟ್ಟು ಮನೆ ನಂಬರನ್ನು ಹೊತ್ತು ತಂದಂತೆ. ಡಿಸ್ಕ್ ಒಳಗಿರುವವರೆಗೆ ಅದು ಹಾಡಿದಂತೆ ಕಾಣುತ್ತದೆ, ತೆಗೆದರೆ ಮೌನ. ಹೀಗೆ ನಕಲು ಮಾಡಿಕೊಂಡು, ಸಿಡಿಯನ್ನು ರದ್ದಿಯವನಿಗೆ ಕೊಟ್ಟವರ ಗತಿ ಏನಾದೀತು, ಯೋಚಿಸಿ. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ 'ರಿಪ್' ಎಂಬ ಬಟನ್ ಇದೆ, ಅದನ್ನು ಒತ್ತಬೇಕು. ಆಗಲೇ ದನಿ ನಿಜವಾಗಿ ಇಳಿಯುತ್ತದೆ. ಗೀರು ಬಿದ್ದ ಸಿಡಿಗೆ 'ಎಕ್ಸ್ಯಾಕ್ಟ್ ಆಡಿಯೊ ಕಾಪಿ' ಎಂಬ ತಂತ್ರಾಂಶ ಇನ್ನೂ ಒಳ್ಳೆಯದು. ಅನುಮಾನ ಬಂದ ಜಾಗವನ್ನು ಅದು ಮತ್ತೆ ಮತ್ತೆ ಓದಿ ನೋಡುತ್ತದೆ, ಆತುರವಿಲ್ಲ. ಆ ಕೇಳುಗರು ರಾತ್ರಿ ಕೂತು ಹಾಗೆಯೇ ಇಳಿಸಿಕೊಂಡರು. ಎರಡು ಕಡೆ ದನಿ ತುಂಡಾಗಿದೆಯಂತೆ, ಉಳಿದದ್ದು ಸ್ಪಷ್ಟ.

ಮನೆಯ ವಿಡಿಯೊ ಡಿವಿಡಿಯಾದರೆ 'ವಿಡಿಯೊ ಟಿಎಸ್' ಎಂಬ ಇಡೀ ಫೋಲ್ಡರನ್ನೇ ನಕಲಿಸಿ. ವಿಸಿಡಿಯಾದರೆ ಚಿತ್ರ ಇರುವುದು 'ಎಂಪೆಗ್ ಎವಿ' ಫೋಲ್ಡರಿನಲ್ಲಿ. ಕ್ಯಾಮ್‌ಕಾರ್ಡರಿನ ಪುಟ್ಟ 8 ಸೆಂಟಿಮೀಟರ್ ಡಿಸ್ಕ್ ಎಲ್ಲೂ ತೆರೆಯದಿದ್ದರೆ, ಅದನ್ನು 'ಫೈನಲೈಸ್' ಮಾಡದೆ ಬಿಟ್ಟಿರಬಹುದು. ಆ ಕ್ಯಾಮೆರಾ ಇನ್ನೂ ಬದುಕಿದ್ದರೆ ಅದರಲ್ಲೇ ಹಾಕಿ ಆ ಕೆಲಸ ಮುಗಿಸಿ. ಏನೇ ನಕಲು ಮಾಡಿದರೂ ಡಿಸ್ಕ್ ಹೊರತೆಗೆದ ಮೇಲೆ ಒಮ್ಮೆ ಓಡಿಸಿ ನೋಡಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.

ಡ್ರೈವ್ ನಿಜವಾಗಿಯೂ ತೀರಿಕೊಂಡಿದ್ದರೆ ಚಿಂತೆ ಬೇಡ. ಯುಎಸ್‌ಬಿ ತಂತಿಯ ಹೊರಗಿನ ಡಿವಿಡಿ ಡ್ರೈವ್ ಸಿಗುತ್ತದೆ. ಅದನ್ನು ಹಬ್‌ಗೆ ಸಿಕ್ಕಿಸದೆ ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ವಿದ್ಯುತ್ ಸಾಲದಿದ್ದರೂ ಡಿಸ್ಕ್ ಓದುವುದಿಲ್ಲ. ಒಳಗಿನ ಡ್ರೈವನ್ನೇ ಬದಲಿಸುವವರು ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. 12.7 ಮತ್ತು 9.5 ಮಿಲಿಮೀಟರ್ ಎಂದು ಎರಡು ದಪ್ಪಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರು ಪ್ಲೇಸ್ ಗೊತ್ತೇ ಇದೆ. ಅಂಗಡಿಗೆ ಹೋಗುವಾಗ ಪರೀಕ್ಷೆಗೆಂದು ಯಾವುದಾದರೂ ಸಿನಿಮಾ ಹಾಡಿನ ಸಿಡಿ ಒಯ್ಯಿರಿ. ಅಪ್ಪನ ದನಿಯ ಸಿಡಿ ಮನೆಯಲ್ಲೇ ಇರಲಿ.